ಮೂವತ್ತೊಂದನೇ ಕಿಲೋಮೀಟರಿನಲ್ಲಿ ನಿಂತವಳು

ನನ್ನ ಹೆಸರು ಸೆಂಗ್‌ಲಾ ವೊಂಗ್‌ಖಾಮ್, ವಯಸ್ಸು 58 ವರ್ಷ, ಸಂತೆಯಲ್ಲಿ ಶಾವಿಗೆ ಸಾರಿನ ಅಂಗಡಿ ನಡೆಸುತ್ತೇನೆ. ವಾಸ ಸಾನ್ ಪಾ ತೋಂಗ್, ಚಿಯಾಂಗ್ ಮಾಯ್ ಪ್ರಾಂತ್ಯ. ಯಾರ ಬಲವಂತವೂ ಇಲ್ಲದೆ ನಾನಾಗಿಯೇ ಠಾಣೆಗೆ ಬಂದು ಈ ಹೇಳಿಕೆಯ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ:

ಬುವಾಚನ್ ಎಂಬಾಕೆ, ವಯಸ್ಸು 57, ಹೊಲಿಗೆ ಕೆಲಸ, ನನ್ನ ಬಾಲ್ಯದ ಗೆಳತಿ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಪ್ರತಿ ವರ್ಷ ಚಳಿಗಾಲದಲ್ಲಿ ನನ್ನ ಪಿಕಪ್ ಗಾಡಿಯಲ್ಲಿ ಬೆಟ್ಟದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದು ನಮ್ಮ ರೂಢಿ. ಗಾಡಿ ಓಡಿಸುವುದು ನಾನು. ಅವಳಿಗೆ ಓಡಿಸಲು ಬರುವುದಿಲ್ಲ, ಓಡಿಸುವವರನ್ನು ಬಯ್ಯಲು ಮಾತ್ರ ಬರುತ್ತದೆ.

ಕಳೆದ ನವೆಂಬರ್ 23ರಂದು ಬೆಳಗ್ಗೆ ಸುಮಾರು 11 ಗಂಟೆಗೆ ದೋಯ್ ಮೋಕ್ ಖಾಮ್ ಉದ್ಯಾನದೊಳಗೆ 31ನೇ ಕಿಲೋಮೀಟರಿನ ತಿರುವಿನಲ್ಲಿ ಬುವಾಚನ್ ನನ್ನನ್ನು ಕುರಿತು, “ಏನೇ, ಸ್ಟೇರಿಂಗ್ ಹಿಡ್ಕೊಂಡಿದೀಯೋ, ಶಾವಿಗೆ ಹಿಟ್ಟು ನಾದ್ತಿದೀಯೋ?” ಎಂದಳು. ಉತ್ತರ ಕೊಡಲು ನಾನು ಅವಳ ಕಡೆ ತಿರುಗಿದೆ. ಗಾಡಿ ಎಡಕ್ಕೆ ಜಾರಿ ರಸ್ತೆ ಅಂಚಿನ ಕಬ್ಬಿಣದ ಕಂಬಿಗೆ ಬಡಿಯಿತು. ಅವಳ ಮೊಣಕೈ ತರಚಿತು. ನನಗೆ ಏನೂ ಆಗಲಿಲ್ಲ.

ಅಂದಿನಿಂದ ಬುವಾಚನ್ ನಗಲಿಲ್ಲ. ಮೂರು ಸಲ ಕರೆದರೆ ಒಂದು ಸಲ ಓಗೊಡುತ್ತಿದ್ದಳು. ಸೂಜಿಗೆ ದಾರ ಪೋಣಿಸಿ, ಸೂಜಿ ಹಿಡಿದುಕೊಂಡೇ ಒಂದು ಗಂಟೆ ಕೂರುತ್ತಿದ್ದಳು. ಆಸ್ಪತ್ರೆಯಲ್ಲಿ ಏನೂ ದೋಷ ಕಾಣಲಿಲ್ಲ. ಜನವರಿಯಲ್ಲಿ ಭಿಕ್ಷುಗಳೊಬ್ಬರು ಹೆಸರು ಬದಲಿಸಿದರೆ ಗ್ರಹಚಾರ ಹೋಗುತ್ತದೆ ಎಂದರು. ಸರ್ಕಾರಿ ಕಚೇರಿಯಲ್ಲಿ ಬರೆಸಿ ಅವಳಿಗೆ ಥನ್ಯಾ ಎಂದು ಹೆಸರಿಟ್ಟೆವು. ಒಂದು ವರ್ಷ ಹಳೆಯ ಹೆಸರು ಬಾಯಲ್ಲಿ ಬರಕೂಡದು ಎಂದಿದ್ದರು. ನಾನು ಒಂದು ದಿನವೂ ತಪ್ಪಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಅವಳ ಕಣ್ಣು ನೋಡಿ, ಇವಳ ಖ್ವಾನ್ ಅಪಘಾತವಾದ ಜಾಗದಲ್ಲೇ ನಿಂತಿದೆ, ಹೋಗಿ ತನ್ನಿ ಎಂದರು. ಅಧಿಕಾರಿಗಳು ಬ್ಯಾಂಕಾಕ್ ಕಡೆಯವರು, ಇದೇನು ಎಂದು ಕೇಳಿದ್ದರಿಂದ ಹೇಳುತ್ತೇನೆ. ಮನುಷ್ಯ ಬೆಚ್ಚಿಬಿದ್ದಾಗ ಒಳಗಿನ ಜೀವಕಳೆ ಅಲ್ಲೇ ಇಳಿದುಬಿಡುತ್ತದೆ, ಮೈ ಮಾತ್ರ ಮನೆಗೆ ಬರುತ್ತದೆ. ಆ ಜೀವಕಳೆಯೇ ಖ್ವಾನ್. ಆ ಜಾಗಕ್ಕೆ ಹೋಗಿ ಹೆಸರು ಹಿಡಿದು ಕರೆಯುತ್ತ, ಮೀನು ಗೋರುವ ಕೈಬಲೆಯಿಂದ ಗಾಳಿಯನ್ನು ಗೋರಬೇಕು. ಬಲೆಗೆ ಹುಳವೋ ಜೇಡವೋ ಬಂದರೆ ಖ್ವಾನ್ ಬಂತು ಎಂದು ಅರ್ಥ. ಆಮೇಲೆ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರೆ ಅದು ಮೈಯಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಇದನ್ನು ಮಾಡದ ಮನೆಯಿಲ್ಲ.

ಮೇ 29ರಂದು ಬೆಳಗ್ಗೆ 6.15ಕ್ಕೆ ಹೊರಟೆವು. ದೋಯ್ ಇಂಥನೋನ್ ಉದ್ಯಾನದ ಮೇಲಿಂದ ಇಳಿದು, ಕಣಿವೆಯ ಊರಾದ ಮೇ ಚೇಮ್‌ನಲ್ಲಿ ತಂಗಿದೆವು. ದಾರಿಯಲ್ಲಿ ನಾನು ಬೇಕೆಂದೇ ಎರಡು ಸಲ ಗೇರು ಕಿರುಗುಟ್ಟಿಸಿದೆ. ಅವಳು ಬಯ್ಯಲಿಲ್ಲ.

30ರಂದು 64 ಕಿಲೋಮೀಟರ್ ಕ್ರಮಿಸಿ ದೋಯ್ ಮೋಕ್ ಖಾಮ್ ಗೇಟು ದಾಟಿ, 11.10ಕ್ಕೆ ಆ ತಿರುವನ್ನು ತಲುಪಿದೆವು. ಮಂಜು ದಟ್ಟವಾಗಿತ್ತು. ಎರಡು ಮೀಟರಿನಾಚೆ ಕಾಣುತ್ತಿರಲಿಲ್ಲ. ಹಕ್ಕಿಯ ದನಿಯಿರಲಿಲ್ಲ. ಅವಳನ್ನು ಗಾಡಿಯಲ್ಲೇ ಕೂರಿಸಿ, ಬೇಯಿಸಿದ ಮೊಟ್ಟೆ, ಅಂಟಕ್ಕಿ ಅನ್ನದ ಉಂಡೆ, ಬಾಳೆಹಣ್ಣು ಬಲೆಯೊಳಗಿಟ್ಟು ನಾನು ಕಂಬಿಯ ಬಳಿ ನಿಂತೆ. ಊಟಕ್ಕೆ ಕರೆಯುವ ದನಿಯಲ್ಲಿ, “ಬಾರೇ ಥನ್ಯಾ, ಮನೆಗೆ ಹೋಗೋಣ ಬಾ, ಕಾಡಲ್ಲಿರಬೇಡ, ಬಂಡೆ ಹತ್ರ ಇರಬೇಡ” ಎಂದು ಕರೆಯುತ್ತ ಗೋರಿದೆ. ಆರು ಸಲ ಬಲೆ ಬರಿದಾಗಿತ್ತು. ಏಳನೇ ಸಲ ಬೂದು ಬಣ್ಣದ ಜೇಡವೊಂದು ಬಂತು. ಬಲೆ ಒದ್ದೆ ಬಟ್ಟೆಯಂತೆ ಭಾರವಾಯಿತು. 11.35ಕ್ಕೆ ಅವಳ ಎಡ ಮಣಿಕಟ್ಟಿಗೆ ದಾರ ಕಟ್ಟಿ ಮೂರು ಗಂಟು ಹಾಕಿದೆ.

ಅವಳು ನಕ್ಕಳು. ಆರು ತಿಂಗಳ ನಂತರ ನಕ್ಕಳು. ನಾನು ಅಂಗೈಯಲ್ಲೇ ಕಣ್ಣೊರೆಸಿಕೊಂಡೆ. ಆಗ ಅವಳು, “ಚಿಕ್ಕಮ್ಮಾ, ನೀವು ಅಳ್ಬೇಡಿ. ಆ ಕಡೆ ಸರೀರಿ, ಗಾಡಿ ನಾನು ಬಿಡ್ತೀನಿ” ಎಂದಳು. ಐವತ್ತು ವರ್ಷದಲ್ಲಿ ಬುವಾಚನ್ ನನ್ನನ್ನು ‘ನೀವು’ ಎಂದವಳಲ್ಲ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕು ಸರಿದೆ.

ಅವಳು 22 ಕಿಲೋಮೀಟರ್ ಓಡಿಸಿದಳು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಎರಡನೇ ಗೇರಿನಲ್ಲೇ ಇಳಿಸಿದಳು, ತುಂಬಿದ ಲಾರಿ ಇಳಿಸುವವರ ಹಾಗೆ. ಮಂಜಿನಲ್ಲಿ ತಿರುವು ಕಾಣುವ ಮೊದಲೇ ಹಾರನ್ ಹೊಡೆಯುತ್ತಿದ್ದಳು. ಬುವಾಚನ್ ಬಲಗೈಯವಳು. ಇವಳು ಕನ್ನಡಿ ಸರಿಪಡಿಸಿದ್ದು, ಬೆವರು ಒರೆಸಿದ್ದು ಎಲ್ಲವೂ ಎಡಗೈಯಲ್ಲಿ. ನಾನು ನಗುವುದನ್ನು ನಿಲ್ಲಿಸಿದೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದೆ. “ಮನೆಗೆ ಅಂತ ನೀವೇ ಕರೆದ್ರಲ್ಲ?” ಎಂದಳು.

12.20ಕ್ಕೆ, ನಾನು ಹಿಂದೆಂದೂ ನೋಡಿರದ ಹಳ್ಳಿಯಲ್ಲಿ, ಕಂಬಗಳ ಮೇಲೆ ನಿಂತ ಒಂದು ಮರದ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ಮನೆಯ ಕೆಳಗೆ ಒಬ್ಬ ಮುದುಕಿ ಬೆಳ್ಳುಳ್ಳಿಯನ್ನು ಕಂತೆ ಕಟ್ಟುತ್ತಿದ್ದಳು. ಹೆಸರು ಪಾನ್, ವಯಸ್ಸು 79. ಇವಳು ಚಪ್ಪಲಿ ಬಿಟ್ಟು, “ಅಮ್ಮಾ, ತಡವಾಯ್ತು” ಎಂದಳು. ಪಾನಜ್ಜಿ ಇವಳ ಮುಖ ನೋಡಲಿಲ್ಲ, ಕೈ ನೋಡಿದಳು. ಇವಳು ಕೂತು ಬೆಳ್ಳುಳ್ಳಿಯ ಒಂದು ಹಿಡಿ ತೆಗೆದುಕೊಂಡು ಎಡಗೈಯಲ್ಲಿ ಹೆಣೆದಳು. ಅಜ್ಜಿ, “ಮೊದ್ಲು ಕಾಲು ತೊಳ್ಕೊ. ಅನ್ನ ಬುಟ್ಟಿಯಲ್ಲಿದೆ” ಎಂದಳು.

ಇವಳು ನನ್ನ ಗೆಳತಿ, ಕರೆದುಕೊಂಡು ಹೋಗುತ್ತೇನೆ ಎಂದು ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಕೋಪಿಸಿಕೊಳ್ಳಲಿಲ್ಲ. ತನ್ನ ಮಗಳು ಆರು ವರ್ಷದ ಹಿಂದೆ ತರಕಾರಿ ಲಾರಿಯೊಂದಿಗೆ 31ನೇ ಕಿಲೋಮೀಟರಿನಲ್ಲಿ ಕೆಳಗೆ ಬಿದ್ದು ಸತ್ತಳೆಂದು ತಿಳಿಸಿದಳು. ಮಗಳ ಹೆಸರು ಕೇಳಿದೆ. ಥನ್ಯಾ ಎಂದಳು.

ಅಜ್ಜಿ ಮುಂದುವರಿದು ಹೇಳಿದ ಮಾತು: “ನಾಕು ಸಲ ಹೋಗಿ ಕರೆದೆ ಕಣಮ್ಮ. ಬರ್ಲಿಲ್ಲ. ಅಳ್ತಾ ಕರೆದ್ರೆ ಅವು ಬರಲ್ಲ, ನಂಗೆ ಅಳದೆ ಕರೆಯೋಕ್ಕಾಗ್ಲಿಲ್ಲ. ನೀನು ನಗ್ತಾ ಕರೆದಿರ್ತೀಯ. ಕರೆದೋಳು ನೀನು, ಗಾಡೀಲಿ ಕೂರಿಸ್ಕೊಂಡು ಮನೆ ಬಾಗಿಲಿಗೆ ತಂದೋಳು ನೀನು. ಈಗ ನನ್ನನ್ನ ಕಳ್ಳಿ ಅನ್ನೋ ಹಾಗೆ ನೋಡ್ಬೇಡ.”

ನವೆಂಬರಿನಿಂದ ಅಲ್ಲಿ ನಿಂತಿರುವವಳಿಗೆ ಜನವರಿಯಲ್ಲಿ ಇಟ್ಟ ಹೆಸರು ಗೊತ್ತಿರಲು ಸಾಧ್ಯವಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಇದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ.

ಅಂದೇ ಮಧ್ಯಾಹ್ನ 3.10ಕ್ಕೆ ನಾನೊಬ್ಬಳೇ ತಿರುವಿಗೆ ವಾಪಸು ಹೋದೆ. ಮಂಜು ಹಾಗೇ ಇತ್ತು. ಕಂಬಿ ಹಿಡಿದು, “ಬುವಾಚನ್” ಎಂದು ಒಂದೇ ಸಲ ಕರೆದೆ. ಸುಮಾರು ನಾಲ್ಕು ಮೀಟರ್ ದೂರದಿಂದ, ಕಂಬಿಯ ಆಚೆಯಿಂದ, ಉತ್ತರ ಬಂತು. “ಬಂದ್ಯೇನೇ ಶಾವಿಗೆ? ಬೆಳಗ್ಗೆ ಯಾರನ್ನೇ ಕರೀತಿದ್ದೆ? ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಅವಳು ಹತ್ತಿದ್ಳು, ಬಾಗಿಲು ಹಾಕ್ಕೊಂಡ್ರಿ, ಹೊರಟೇಹೋದ್ರಿ.” ಆಚೆ ಕಾಲಿಡಲು ನೆಲವಿಲ್ಲ, ಪ್ರಪಾತ. ಇದನ್ನು ಅಧಿಕಾರಿಗಳೂ ಬಲ್ಲರು. ಮೈ ಜತೆಯಲ್ಲಿಲ್ಲದೆ ಕರೆದುಕೊಂಡು ಹೋಗಲು ಆಗುವುದಿಲ್ಲ, ನಾಳೆ ಖಂಡಿತ ಬರುತ್ತೇನೆ ಎಂದೆ. “ಹೂಂ, ನಿನ್ನ ನಾಳೆ ನಂಗೊತ್ತಿಲ್ವಾ” ಎಂದಳು.

ಇಂದು 31ರಂದು ಬೆಳಗ್ಗೆ 8 ಗಂಟೆಗೆ ಕತ್ತರಿ ತೆಗೆದುಕೊಂಡು ಪಾನಜ್ಜಿಯ ಮನೆಗೆ ಹೋದೆ. ದಾರ ಕತ್ತರಿಸಿದರೆ ಮೈಯಲ್ಲಿರುವುದು ಹೊರಡುತ್ತದೆ, ಆದರೆ ಕಟ್ಟಿದವರೇ ಕತ್ತರಿಸಬೇಕು. ನಾನು ಏನೂ ಕೇಳುವ ಮೊದಲೇ ಅವಳು ಎಡಗೈ ಚಾಚಿದಳು. ಆಮೇಲೆ ಅರ್ಧಕ್ಕೆ ಹಿಂತೆಗೆದು, “ಚಿಕ್ಕಮ್ಮಾ, ಇನ್ನೂ ನಲವತ್ತು ಕಂತೆ ಇದೆ. ಅಮ್ಮನ ಬೆರಳು ಈಗ ಮಡಚಲ್ಲ. ಕಟ್ಟಿ, ಮೇಲೆ ನೇತುಹಾಕಿ ಬರ್ತೀನಿ. ತಿರುವಿನಲ್ಲೇ ಕತ್ತರಿಸಿ” ಎಂದಳು. ಅಜ್ಜಿ ತನ್ನ ಕೈಯಲ್ಲಿದ್ದ ಕಂತೆಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಬಿಗಿಯಾಗಿಯೇ ಇತ್ತು ಅದು. ನಾನು ನೋಡಿಯೂ ನೋಡದಂತೆ ಹೊರಬಂದೆ.

11.05ಕ್ಕೆ ಉದ್ಯಾನದ ಗೇಟಿನಲ್ಲಿ ವಿಚಾರಿಸಿದಾಗ, ಮಳೆಗಾಲಕ್ಕಾಗಿ ಇಂದು ಸಂಜೆ 4ಕ್ಕೆ ಗೇಟು ಮುಚ್ಚಿದರೆ ಮತ್ತೆ ತೆರೆಯುವುದು ನವೆಂಬರ್ 1ಕ್ಕೆ ಎಂದೂ, ಮಧ್ಯಾಹ್ನ 2ರ ನಂತರ ಯಾವ ಗಾಡಿಯನ್ನೂ ಒಳಗೆ ಬಿಡುವುದಿಲ್ಲವೆಂದೂ, ಬಿಡಬೇಕಾದರೆ ಠಾಣೆಯಿಂದ ಚೀಟಿ ತರಬೇಕೆಂದೂ ಅಲ್ಲಿನ ಸಿಬ್ಬಂದಿ ತಿಳಿಸಿದರು. ಅದಕ್ಕಾಗಿ ಇಲ್ಲಿಗೆ ಬಂದಿದ್ದೇನೆ.

ಯಾರ ಮೇಲೆ ದೂರು ಎಂದು ಅಧಿಕಾರಿಗಳು ಕೇಳಿದರು. ಯಾರ ಮೇಲೂ ಇಲ್ಲ. ಪಾನಜ್ಜಿಯನ್ನು ಕರೆಸಿ ವಿಚಾರಿಸಬಾರದೆಂದು ಕೋರುತ್ತೇನೆ. ಆ ಮನೆಯಲ್ಲಿರುವಾಕೆ ತನ್ನಿಚ್ಛೆಯಿಂದ ಇದ್ದಾಳೆಯೇ ಎಂದು ಕೇಳಿದರು. ತನ್ನಿಚ್ಛೆಯಿಂದಲೇ ಇದ್ದಾಳೆ, ಆದರೆ ಅದು ಬುವಾಚನ್‌ಳ ಇಚ್ಛೆಯಲ್ಲ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ. ಕೆಲಸ ಮುಗಿದ ಮೇಲೂ ಅವರು ಕಳುಹಿಸಿಕೊಡದಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿದರು. ಗಾಡಿಯ ಬಾಗಿಲು ತೆರೆದಿಟ್ಟು ಮನೆಯ ಮುಂದೆ ಕಾಯುತ್ತೇನೆ ಎಂದೆ.

ನಲವತ್ತು ಕಂತೆ ಮುಗಿಯಲು 2.30 ಆಗಬಹುದು. ತಿರುವು ತಲುಪಲು ನಲವತ್ತು ನಿಮಿಷ. ನನಗೆ ಬೇಕಿರುವುದು ಗೇಟಿನೊಳಗೆ ಒಂದೇ ಒಂದು ಗಂಟೆ. ನಾಳೆಯಿಂದ ಬೆಟ್ಟದ ಮೇಲೆ ಐದು ತಿಂಗಳು ಮಳೆ. ಅವಳ ಹತ್ತಿರ ಕೊಡೆಯಿಲ್ಲ.

ಇಷ್ಟೂ ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದು. ಬರೆದುದನ್ನು ನನಗೆ ಓದಿ ಹೇಳಲಾಗಿದೆ, ನಾನು ಹೇಳಿದಂತೆಯೇ ಇದೆ, ತಿದ್ದಬೇಕಾದ್ದೇನೂ ಇಲ್ಲ.

ಸ್ಥಳ: ದೋಯ್ ಮೋಕ್ ಖಾಮ್ ಹೊರಠಾಣೆ
ದಿನಾಂಕ: 31 ಮೇ, ಬೌದ್ಧ ಶಕ 2567, ಮಧ್ಯಾಹ್ನ 1.15
(ಸಹಿ) ಸೆಂಗ್‌ಲಾ ವೊಂಗ್‌ಖಾಮ್