ಪೋಸ್ಟ್‌ಮ್ಯಾನ್‌ಗೆ ಗೊತ್ತಿದ್ದ ಮಾತು

ಒಂದು ಗಣಿ ಊರಿನಲ್ಲಿ ಒಬ್ಬ ಹಾಡುಗಾರ್ತಿ ಹುಟ್ಟಿದಳು. ಶೀಬಾ ಅಂತ ಇಟ್ಟುಕೊಳ್ಳೋಣ. ಇಲ್ಲಿ ಕೂತಿರುವ ನಮ್ಮ ಮಕ್ಕಳ ಹಾಗೇ ಭಾನುವಾರ ಚರ್ಚಿನಲ್ಲಿ ಹಾಡುತ್ತ ಬೆಳೆದವಳು. ಮುಂದೆ ನಾರ್ವೆ ದೇಶಕ್ಕೆ ಹೋದಳು. ಮೊದಲು ಪಾಪ್ ಹಾಡಿದಳು, ಜನ ಕುಣಿದರು. ಆಮೇಲೆ ಕಂಟ್ರಿ ಹಾಡಿದಳು. ಹೊಲ, ಕುದುರೆ, ಬಿಟ್ಟುಬಂದ ಮನೆಯ ಹಾಡುಗಳು. ಜನ ಅತ್ತರು. ನೋಡಿ, ಆ ಹಿಮದ ನಾಡಿನಲ್ಲಿ ಬಸ್ಸಿನ ಡ್ರೈವರ್ ಕೂಡ ಅವಳ ಹಾಡು ಗುನುಗುತ್ತಿದ್ದ. ಇನ್ನೇನು ಬೇಕು ಒಬ್ಬಳಿಗೆ?

ಬೇಕಾಗಿತ್ತು. ಒಂದು ಮಾತು ಬೇಕಾಗಿತ್ತು.

ಅವಳಿಗೆ ಗಿಟಾರ್ ಕಲಿಸಿದವರು ಚರ್ಚಿನ ಹಾಡಿನ ಮೇಷ್ಟ್ರು. ಹೊಸ ರೆಕಾರ್ಡ್ ಬಂದಾಗಲೆಲ್ಲ ಮೊದಲ ಪ್ರತಿ ಅವರಿಗೇ. ಅವರಿಂದ ಬರುತ್ತಿದ್ದುದು ಒಂದು ಕಾರ್ಡು: 'ಎರಡನೇ ಹಾಡಿನಲ್ಲಿ ಉಸಿರು ಕೇಳಿಸುತ್ತದೆ. ಐದನೆಯದರಲ್ಲಿ ತಾಳ ಓಡಿದೆ.' ಅಷ್ಟೇ. ಹದಿನೇಳು ವರ್ಷ, ಅಷ್ಟೇ. ಕಾರ್ಡಿನಲ್ಲಿ ಬರೆಯದೆ ಉಳಿದ ಅರ್ಧ ಜಾಗವನ್ನೇ ಅವಳು ಬಹಳ ಹೊತ್ತು ನೋಡುತ್ತ ಕೂರುತ್ತಿದ್ದಳು.

ಒಮ್ಮೆ ಊರಿಗೆ ಬಂದಳು. ಈ ಸಲವೂ ತಪ್ಪು ಮಾತ್ರ ಹೇಳಿದರೆ ಇನ್ನು ಹಾಡುವುದೇ ಇಲ್ಲ ಎಂದು ತೀರ್ಮಾನಿಸಿಯೇ ಮೇಷ್ಟ್ರ ಮನೆಗೆ ಹೋದಳು. ವರಾಂಡದಲ್ಲಿ ಕೂತು ಗಿಟಾರ್ ತೆಗೆದಳು. ಹಾಡಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿಯಿತು.

"ಕೊನೇ ಸಾಲು ಸ್ವಲ್ಪ ಎಳೆದ್ಬಿಟ್ಟೆ ಕಣಮ್ಮ" ಅಂದರು.

ಶೀಬಾ ಗಿಟಾರನ್ನು ಚೀಲಕ್ಕಿಟ್ಟು ಜಿಪ್ ಎಳೆದಳು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

"ಏನ್ ಮನುಷ್ಯ ರೀ ನೀವು! ಇವಳ ಹಾಡು ಬಂದ ದಿನ ಹಾಲಿನೋನು, ಪಕ್ಕದ್ಮನೆಯೋರು, ಎಲ್ರನ್ನೂ ಕೂರಿಸಿ ಕೇಳಿಸ್ತೀರ. ಇಂಥ ಕಂಠ ಇನ್ನೊಂದಿಲ್ಲ ಅಂತೀರ. ನಿಮ್ಮ ಹೊಗಳಿಕೆ ಪೋಸ್ಟ್‌ಮ್ಯಾನ್‌ಗೆ ಬಾಯಿಪಾಠ ಆಗಿದೆ!"

ಶೀಬಾ ತಿರುಗಿ ನೋಡಿದಳು. "ಪೋಸ್ಟ್‌ಮ್ಯಾನ್‌ಗೆ ಹೇಳಿದ್ರಾ ಮೇಷ್ಟ್ರೇ? ನಂಗೊಬ್ಳಿಗೆ ಹೇಳ್ಲಿಲ್ವಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಎದುರಿಗೆ ಹೊಗಳಿದ್ರೆ ಕಲಿಯೋದು ನಿಂತೋಗುತ್ತೆ ಅಂದ್ಕೊಂಡಿದ್ದೆ ತಾಯಿ." ಕನ್ನಡಕ ಒರೆಸಿ ಹಾಕಿಕೊಂಡು ಅವಳ ಮುಖ ನೋಡಿದರು. "ಚೆನ್ನಾಗ್ ಹಾಡ್ತೀಯ. ತುಂಬಾ ಚೆನ್ನಾಗ್ ಹಾಡ್ತೀಯ."

"ಇನ್ನೊಂದ್ಸಲ ಹೇಳಿ."

"ಹೇಳಿ ರೀ, ಬಾಯೇನು ಸವೆದೋಗಲ್ಲ!" ಹೆಂಡತಿ ನಕ್ಕರು.

ಮೇಷ್ಟ್ರು ಮತ್ತೆ ಹೇಳಿದರು. ಶೀಬಾ ಅಳುತ್ತ ನಕ್ಕಳು, ಜಿಪ್ ಬಿಚ್ಚಿದಳು. ಆಮೇಲೆ ಅವಳು ಹಾಡಿದ ಹಾಡಿಗೆ ಬೀದಿಯೇ ಬಂದು ವರಾಂಡದಲ್ಲಿ ಚಪ್ಪಾಳೆ ತಟ್ಟಿತು.

ಮೇಷ್ಟ್ರನ್ನು ನೋಡಿ ನಗುತ್ತಿದ್ದೀರಿ. ನಗಿ. ಆದರೆ ನಾವು ಯಾರು? ಮಗಳ ಜಾಣತನವನ್ನು ಆಫೀಸಿನಲ್ಲೆಲ್ಲ ಹೇಳುತ್ತೇವೆ, ಮಗಳಿಗೆ ಹೇಳುತ್ತೇವೆಯೇ? ಸಾರಿಗೆ ಉಪ್ಪು ಕಡಿಮೆಯಾದ ದಿನ ಮಾತು ಬರುತ್ತದೆ. ಹದವಾಗಿದ್ದ ದಿನ ಬಾಯಿ ತುಂಬ ಅನ್ನ! ನೋಡಿ, ನಾವು ಒಳ್ಳೆಯ ಮಾತನ್ನು ಸಮಾಧಿಯ ಹತ್ತಿರ ನಿಂತು ಹೇಳುವ ಜನ. ಅಲ್ಲಿ ಕೇಳುವ ಕಿವಿ ಯಾವುದು?

ಮನೆಗೆ ಹೋಗಿ. ಈಗಷ್ಟೇ ದೇವರನ್ನು ಸ್ತುತಿಸಿದ ಇದೇ ಬಾಯಿಂದ, ಊಟಕ್ಕೆ ಕೂರುವ ಮೊದಲು, ಒಬ್ಬರ ಮುಖ ನೋಡಿ ಅವರು ಚೆನ್ನಾಗಿ ಮಾಡುವ ಒಂದು ಕೆಲಸವನ್ನು ಹೇಳಿ. ಅವರಿಗೇ ಹೇಳಿ. ನಂಬದೆ ನಿಮ್ಮ ಮುಖವನ್ನೇ ನೋಡಿದರೆ, ನಾಚಿಕೊಳ್ಳಬೇಡಿ, ಇನ್ನೊಮ್ಮೆ ಹೇಳಿ.