ಇ-ರಿಕ್ಷಾದಲ್ಲಿ ಓಡಿದ ಕಿಲೋಮೀಟರುಗಳು

ದೆಹಲಿಯ ಜನಕಪುರಿಯಲ್ಲಿ ಮೂಳೆ ಡಾಕ್ಟರ ಹತ್ತಿರ ಸರದಿಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಕನ್ನಡ ಕೇಳಿಸಿತು. ಮಂಡಿಗೆ ಪಟ್ಟಿ ಸುತ್ತಿಕೊಂಡ ಒಬ್ಬ ಹುಡುಗಿ, ಅವಳಿಗೆ ಓಟ ಕಲಿಸುತ್ತಿದ್ದ, ಅವಳದೇ ಆಫೀಸಿನ ಹಿರಿಯರೊಬ್ಬರು.

“ತಪ್ಪು ನಂದೇ, ಗಾನವಿ. ಇನ್ನು ಯಾರಿಗೂ ಕಲಿಸಲ್ಲ ಅಂತ ಆಫೀಸಿನ ಓಟದ ಗ್ರೂಪಲ್ಲಿ ಹಾಕಿದೀನಿ.”

“ಯಾಕೆ ಮುರಳಿ ಸರ್?”

“ನೀನು ಆರು ಕಿಲೋಮೀಟರ್ ಓಡ್ತಿದ್ದೆ ಅಂತ ಏಳಕ್ಕೆ ಏರಿಸಿದೆ. ಅವಸರ ಮಾಡ್ಬಿಟ್ಟೆ.”

“ನಾನು ಆರು ಓಡಿರ್ಲಿಲ್ಲ.”

“ನಿನ್ನ ಫೋನಿನ ಲೆಕ್ಕ ದಿನಾ ನೋಡ್ತಿದ್ನಲ್ಲ.”

“ನಾಲ್ಕಕ್ಕೇ ಉಸಿರು ಕಟ್ತಿತ್ತು. ಮಿಕ್ಕಿದ್ದು ಇ-ರಿಕ್ಷಾದಲ್ಲಿ ಬರ್ತಿದ್ದೆ. ಆ ಟ್ರಾಫಿಕ್ ಜಾಮಲ್ಲಿ ಅದೂ ನನ್ನಷ್ಟೇ ನಿಧಾನ. ಫೋನಿಗೆ ಗೊತ್ತಾಗ್ಲಿಲ್ಲ.”

“ಎಷ್ಟು ದಿನದಿಂದ?”

“ಮೂರು ವಾರ. ನೀವು ಶಭಾಷ್ ಅಂತ ಬರೀತಿದ್ರಿ, ಹೇಳೋಕೆ ಬಾಯಿ ಬರ್ಲಿಲ್ಲ. ಭಾನುವಾರ ನೀವೇ ಜೊತೇಲಿ ಓಡಿದ್ರಿ. ಏಳೂ ಓಡಲೇಬೇಕಾಯ್ತು.”

ಅವರು ಅವಳ ಮಂಡಿ ನೋಡಿದರು.

“ಡಾಕ್ಟರಿಗೆ ನಾಲ್ಕು ಅಂತಲೇ ಹೇಳು.”

“ಗ್ರೂಪಲ್ಲಿ?”

“ಅಲ್ಲಿ ನೀನೇ ಬರಿ. ನಾನು ಬರೆದ್ರೆ ಚಾಡಿ ಹೇಳಿದ ಹಾಗಾಗುತ್ತೆ.”

ಅವಳು ಫೋನಿನಲ್ಲಿ ಬರೆದು ತೋರಿಸಿದಳು. ಅವರು ಓದಿ ತಲೆಯಾಡಿಸಿದರು.

ಒಳಗಿನಿಂದ ಅವಳ ಹೆಸರು ಕೂಗಿದರು.

“ಚಲೋ, ನಡಿ,” ಎಂದು ಅವರು ಕೈ ಚಾಚಿದರು.

“ಇಷ್ಟಾದ್ರೂ ನಾನೇ ನಡೀತೀನಿ ಸರ್,” ಎಂದಳು ಅವಳು; ಆ ಕೈ ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು ಕುಂಟುತ್ತ ಒಳಗೆ ಹೋದಳು.