ಬಾವಿಯಿಂದ ಬಾವಿಗೆ

ಮಕ್ತಲ್ ಬಸ್ ನಿಲ್ದಾಣದಲ್ಲಿ ಅಖಿಲಾ ಎಂಬ ಹುಡುಗಿ, ಕುರಿ ಕಾಯುವ ತಾತನ ಮುಂದೆ ಪೈಲಟ್ ತರಬೇತಿಯ ಸಂದರ್ಶನಕ್ಕೆ ಅಭ್ಯಾಸ ಮಾಡುತ್ತಿದ್ದಳು.

"ಮೊದಲೆಲ್ಲ ವಿಮಾನಗಳು ನೆಲದ ಮ್ಯಾಲಿನ ಒಂದು ರೇಡಿಯೊ ಕಂಬದಿಂದ ಇನ್ನೊಂದಕ್ಕ ಹೋಗ್ತಿದ್ವು, ತಾತಾ."

"ನಮ್ಮ ಕುರಿ ಬಾವಿಯಿಂದ ಬಾವಿಗೆ ಹೋದಂಗ."

"ಹೂಂ. ಈಗ ನೀ ಎಲ್ಲಿದ್ದಿ ಅಂತ ಉಪಗ್ರಹ ತಿಳಿಸ್ತಾವ. ಕಂಬ ಇಲ್ಲದ ಜಾಗಕ್ಕೂ ನೆಟ್ಟಗ ಹೋಗಬಹುದು."

"ಆ ಜಾಗದಾಗ ಗುರುತಿಗೆ ಗಿಡ ಐತೇನು?"

"ಏನಿಲ್ಲ. ನಕಾಶೆದಾಗ ಬರೇ ಒಂದು ಹೆಸರು ಐತಿ."

"ಬಾವಿಲ್ಲ, ಗಿಡಿಲ್ಲ, ಹೆಸರು ಮಾತ್ರ ಐತಿ. ಯಾರಿಗೆ ಹೇಳ್ತೀಯವ್ವ."

"ನಿನಗ ತಿಳಿಯಂಗ ಹೇಳಾಕ ಬರಲಿಲ್ಲಂದ್ರ ನಾಳೆ ನಾ ಫೇಲು, ತಾತಾ."

ಗದ್ವಾಲ್ ಬಸ್ಸು ಬಂತು. ತಾತ ಮೆಟ್ಟಿಲು ಹತ್ತುತ್ತಲೇ ಕಂಡಕ್ಟರಿಗೆ ಹೇಳಿದ:

"ಊರೂರಿಗೆ ಯಾಕ ತಿರುಗ್ತೀರಿ? ನೆಟ್ಟಗ ನಡೀರಿ. ಎಲ್ಲಿದ್ದೀವಿ ಅಂತ ಮ್ಯಾಲಿಂದ ಹೇಳ್ತಾರ."

"ಮ್ಯಾಲಿಂದ ಅಂದ್ರ ಡಿಪೋದವರೇನ್ರಿ?"

"ಅವರಿಗಿಂತ ಮ್ಯಾಲಿನವ್ರು. ಉಪಗ್ರಹ."

"ನಾ ಪಾಸು," ಎಂದು ಅಖಿಲಾ ನಗುತ್ತ ಹತ್ತಿದಳು.